ಬಳಪದ ಮೆಟ್ಟಿಲುಗಳು

ನಮ್ಮ ವರ್ಕ್‌ಶಾಪಿನಲ್ಲಿ ತಯಾರಾಗುತ್ತಿದ್ದ ಯಾವ ಊರೂ ಇನ್ನೂ ಹುಟ್ಟಿರಲಿಲ್ಲ. ದುಬೈಯಲ್ಲಿ ಎತ್ತ ನೋಡಿದರೂ ಕ್ರೇನುಗಳೇ ಕಾಣುತ್ತಿದ್ದ ವರ್ಷಗಳವು. ಕಟ್ಟಡಗಳನ್ನು ಕಟ್ಟುವ ಮೊದಲೇ ಮಾರುತ್ತಿದ್ದರು. ಕೊಳ್ಳುವವರಿಗೆ ತೋರಿಸಲು ಗಾಜಿನ ಪೆಟ್ಟಿಗೆಯೊಳಗೆ ಅವುಗಳ ಪುಟ್ಟ ಮಾಡೆಲ್ ಬೇಕಾಗುತ್ತಿತ್ತು. ಅಂಥ ಮಾಡೆಲ್ ಮಾಡುವ ಹದಿನಾಲ್ಕು ಜನರಲ್ಲಿ ನಾನೊಬ್ಬ ಬಡಿಗ, ಗುಳೇದಗುಡ್ಡದವನು. ಅಕ್ರಿಲಿಕ್ ಹಾಳೆಯನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿ, ಅಂಟಿಸಿ, ಬಣ್ಣ ಹೊಡೆದು, ಬುಡದಲ್ಲಿ ಪ್ಲಾಸ್ಟಿಕ್ ಖರ್ಜೂರದ ಮರ ನೆಟ್ಟು, ಒಳಗೆ ಬಲ್ಬು ಹಾಕಿದರೆ ಒಂದು ಗೋಪುರ ಮುಗಿಯಿತು. ಗೆರೆ ನೇರವಿರಬೇಕು, ಮೂಲೆ ಚೂಪಿರಬೇಕು, ಮೇಲೆ ಬೆರಳಿನ ಗುರುತು ಬೀಳಬಾರದು. ನಮ್ಮ ಕೈಗಳಿಗೆ ಹೊಸದನ್ನು ಮಾಡುವುದಷ್ಟೇ ಗೊತ್ತಿತ್ತು.

ಒಂದು ಬೆಳಿಗ್ಗೆ ಅಬುಧಾಬಿಯಿಂದ ವಯಸ್ಸಾದ ಅಮೆರಿಕನ್ ಒಬ್ಬರು ಬಂದರು. ಬಂದರಿನ ಕ್ರೇನುಗಳ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಕಂಕುಳಲ್ಲಿ ತಗಡಿನ ಕೊಳವೆಯಿತ್ತು. ನಮ್ಮ ಫೋರ್‌ಮನ್ ಅದರೊಳಗಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ಅಂಟಿನ ಡಬ್ಬಿ ಇಟ್ಟರು. ಫೋರ್‌ಮನ್ ಉಳ್ಳಾಲದ ಕಡೆಯ ಬ್ಯಾರಿ; ವಯಸ್ಸಿನಲ್ಲಿ ನಮಗಿಂತ ದೊಡ್ಡವರು, ನಾವೆಲ್ಲ ಕಾಕಾ ಎನ್ನುತ್ತಿದ್ದೆವು.

ನಕ್ಷೆಯಲ್ಲಿದ್ದದ್ದು ಆ ಅಮೆರಿಕನ್ ಹುಟ್ಟಿ ಬೆಳೆದ ಊರು. ನದಿಯ ದಂಡೆಯ ಸಣ್ಣ ಊರು, ಇನ್ನೂರು ವರ್ಷ ಹಳೆಯದು. ಒಂದು ಚೌಕ, ಚೌಕದಲ್ಲಿ ಒಂದು ದೊಡ್ಡ ಮರ, ಇಗರ್ಜಿ, ಮಾರುಕಟ್ಟೆ. ನದಿಯ ಕಡೆಗೆ ಒಂದಕ್ಕೊಂದು ಗೋಡೆ ತಾಗಿಸಿ ನಿಂತ ಏಳು ಇಟ್ಟಿಗೆ ಮನೆಗಳ ಸಾಲು. ಆ ನಕ್ಷೆ ಹಿಂದೆ ಬೆಂಕಿ ವಿಮೆಯವರು ಬರೆಸಿದ್ದಂತೆ. ಇಟ್ಟಿಗೆ ಮನೆಗೆ ಗುಲಾಬಿ ಬಣ್ಣ, ಮರದ ಮನೆಗೆ ಹಳದಿ, ಪ್ರತಿಯೊಂದರ ಅಗಲ ಎತ್ತರ ಅಡಿಗಳಲ್ಲಿ.

ಆ ಏಳು ಮನೆಗಳನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಊರಿನವರು ಯೋಚಿಸಿದ್ದರು. ಈಗ ಅವು ನೋಡಲು ಚೆನ್ನಾಗಿಲ್ಲವಂತೆ. ಮುಂದಿನ ಗೋಡೆಗೆ ಯಾರೋ ತಗಡು ಹೊಡೆಸಿದ್ದಾರೆ, ಬಾಗಿಲು ಮುಚ್ಚಿ ಬೇರೆ ಕಡೆ ತೆರೆದಿದ್ದಾರೆ. ನೆರೆ ಬರುತ್ತದೆಂದು ರಸ್ತೆ ಏರಿಸಿದ್ದರಿಂದ ಮೆಟ್ಟಿಲುಗಳೂ ಹುಗಿದುಹೋಗಿವೆ. ಇನ್ನು ಮೂರು ತಿಂಗಳಿಗೆ ಊರಿನ ಸಭೆ.

“ಆ ಸಭೆಯ ಮೇಜಿನ ಮೇಲೆ ಊರನ್ನು ಮೊದಲಿದ್ದ ಹಾಗೆ ಇಡಬೇಕು,” ಎಂದರು ಅವರು. “ಬಾಯಲ್ಲಿ ಹೇಳಿದರೆ ಮುದುಕನ ಮಾತು ಅಂತಾರೆ. ಕಣ್ಣಿಗೆ ಕಂಡರೆ ಕೆಡವೋಕೆ ಕೈ ಬರಲ್ಲ.”

ಕಾಕಾ ನನ್ನನ್ನು ಕರೆದು ತಮ್ಮೂರಿನ ಕನ್ನಡದಲ್ಲಿ ಹೇಳಿದರು: “ಎಂತ ಹೇಳ್ತೀ ಮೇಸ್ತ್ರಿ? ನಮ್ಮ ಹುಡುಗರಿಗೆ ಹಳೆ ಮನೆ ಹೇಗೆ ಉಂಟು ಅಂತಲೇ ಗೊತ್ತಿಲ್ಲ.”

“ನನಗ ಗೊತ್ತೈತ್ರಿ ಕಾಕಾ,” ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಆ ಗುಲಾಬಿ ಹಳದಿ ನಕ್ಷೆಯನ್ನು ಇನ್ನಷ್ಟು ಹೊತ್ತು ನೋಡಬೇಕು ಅನ್ನಿಸಿತ್ತು.

ಅಡಿಗೆ ಇಂಚಿನ ಎಂಟನೇ ಒಂದು ಭಾಗ ಎಂದು ಅಳತೆ ಇಟ್ಟುಕೊಂಡೆವು. ಇಪ್ಪತ್ತು ಅಡಿ ಅಗಲದ ಮನೆ ಎರಡೂವರೆ ಇಂಚು. ಇಡೀ ಊರು ಎರಡೂವರೆ ಮೀಟರಿನ ಹಲಗೆ. ಮೊದಲು ಇಳಿಜಾರು: ತೆಳು ಕಾರ್ಕ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಇಗರ್ಜಿಯ ದಿನ್ನೆಯಿಂದ ನದಿಯವರೆಗೆ ಇಳಿಸಿದೆ. ಆಮೇಲೆ ರಸ್ತೆ, ಆಮೇಲೆ ಗಟಾರ, ಆಮೇಲೆ ಒಂದೊಂದೇ ಮನೆ.

ಸಂಜೆ ಬಸ್ಸು ಬರುವುದಕ್ಕೆ ಅರ್ಧ ಗಂಟೆ ಇರುತ್ತಿತ್ತು. ಉಳಿದವರು ಹೊರಗೆ ಚಹಾ ಕುಡಿಯುವಾಗ ನಾನು ಮೊಣಕಾಲೂರಿ ಗಲ್ಲವನ್ನು ಹಲಗೆಯ ಅಂಚಿಗೆ ಇಟ್ಟು ಕೂರುತ್ತಿದ್ದೆ. ಹಾಗೆ ಕೂತರೆ ರಸ್ತೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಮೇಜುದೀಪವನ್ನು ಪಶ್ಚಿಮಕ್ಕೆ ತಿರುಗಿಸಿದರೆ ಆ ಊರಿನಲ್ಲೂ ಸಂಜೆಯಾಗುತ್ತಿತ್ತು. ಇಗರ್ಜಿಯ ಶಿಖರದ ನೆರಳು ಚೌಕ ದಾಟಿ, ಮಾರುಕಟ್ಟೆ ದಾಟಿ, ನಿಧಾನಕ್ಕೆ ನದಿಗೆ ಇಳಿಯುತ್ತಿತ್ತು. ನಾನೂ ಅದರ ಹಿಂದೆ ಇಳಿಯುತ್ತಿದ್ದೆ. ದೇರಾ ಬಡಾವಣೆಯ ನಮ್ಮ ರೂಮಿನಲ್ಲಿ ಎಂಟು ಮಂಚ. ನನ್ನದು ಮೇಲಿನ ಮಂಚ, ಎಸಿಯ ಪಕ್ಕ. ಅಲ್ಲಿ ಮಲಗಿ ಕಣ್ಣು ಮುಚ್ಚಿದರೆ ಎಸಿಯ ಸದ್ದು ನದಿಯ ಸದ್ದಾಗುತ್ತಿತ್ತು. ಯಾವ ಓಣಿಯಿಂದ ಹೋದರೆ ಬಾವಿ, ಯಾವ ಮೂಲೆಯಲ್ಲಿ ಗಾಳಿ ಬಡಿಯುತ್ತದೆ, ಎಲ್ಲ ಗೊತ್ತಿತ್ತು. ಆ ಊರಲ್ಲಿ ನನಗೆ ಒಬ್ಬರೂ ಎದುರಾಗುತ್ತಿರಲಿಲ್ಲ. ಆದರೂ ಹೆದರಿಕೆಯಾಗುತ್ತಿರಲಿಲ್ಲ.

ಒಂದೂವರೆ ತಿಂಗಳ ಮೇಲೆ ಆ ಅಮೆರಿಕನ್ ಸಾಹೇಬರು ನೋಡಲು ಬಂದರು. ಏಳು ಮನೆಗಳು ತಯಾರಾಗಿದ್ದವು. ಇಟ್ಟಿಗೆಯ ಸಾಲುಗಳನ್ನು ಲೇಸರಿನಿಂದ ಗೀರಿ ಬಣ್ಣ ತುಂಬಿದ್ದೆವು. ಕಾಕಾ ದೀಪ ಹಾಕಿದರು. ನನಗೇ ಹೆಮ್ಮೆಯಾಯಿತು.

ಅವರು ಮೊದಲು ನೋಡಿದ್ದು ಚೌಕದ ಮರವನ್ನು. “ಉಸ್ತಾದ್, ಇದೇನು?” ಎಂದು ಬುಡಕ್ಕೆ ಬೆರಳು ತೋರಿಸಿದರು. ಗಲ್ಫಿನಲ್ಲಿ ಬಹಳ ವರ್ಷ ಇದ್ದವರು, ಕೆಲಸಗಾರರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು.

“ಕಟ್ಟೆ, ಸರ್. ಕೂಡಲಿಕ್ಕೆ.”

“ಅಲ್ಲಿ ಇಂಥದ್ದು ಇರಲಿಲ್ಲ.”

ನಕ್ಷೆಯಲ್ಲಿ ಮರದ ಸುತ್ತ ಒಂದು ಗೋಲಗೆರೆ ಇತ್ತು. ಊರಿನ ನಡುವೆ ಅಷ್ಟು ದೊಡ್ಡ ಮರ ಇದ್ದ ಮೇಲೆ ಕಟ್ಟೆ ಇರಲೇಬೇಕು ಎಂದುಕೊಂಡು ನಾನು ಕಟ್ಟಿಬಿಟ್ಟಿದ್ದೆ. ಅದು ಮರದ ನೆರಳಿನ ಗುರುತಂತೆ.

“ಹಾಗಾದರೆ ಜನ ಎಲ್ಲಿ ಕೂಡ್ತಿದ್ರು, ಸರ್?”

“ಕೂಡ್ತಿರಲಿಲ್ಲ. ನಿಂತು ಮಾತಾಡಿ ಹೋಗ್ತಿದ್ರು.” ನಕ್ಕರು. “ತೆಗೆದುಬಿಡು.”

ಆಮೇಲೆ ನದಿಯ ಕಡೆಗೆ ಬಂದರು. ಏಳು ಮನೆಗಳ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. ನಗು ಹೋಯಿತು.

“ಅಳತೆಯೆಲ್ಲ ಸರಿ ಇದೆ,” ಎಂದರು. “ಆದರೆ ಇದು ನಮ್ಮೂರಲ್ಲ. ಇದು ಮಾರಾಟಕ್ಕಿದೆ.”

ಅವರು ಕಾಕಾನ ಕೈ ಕುಲುಕಿ, ಉಳಿದದ್ದು ನಿಮ್ಮಿಷ್ಟ ಎಂಬಂತೆ ತಲೆಯಾಡಿಸಿ ಹೋದರು. ಬಯ್ದಿದ್ದರೆ ವಾಸಿಯಿತ್ತು.

“ಅಳತೆ ಸರಿ ಉಂಟಂತೆ ಅಲ್ವಾ, ಮತ್ತೆಂತ?” ಎಂದರು ಕಾಕಾ. “ಬಣ್ಣ ಸ್ವಲ್ಪ ಮಾಸ್ಲು ಮಾಡಿ ಕೊಟ್ಟುಬಿಡುವ. ಖಲಾಸ್.”

ಮಾಸಲು ಬಣ್ಣ ಹೊಡೆದು ನೋಡಿದೆ. ಹೊಸ ಮನೆಗೆ ಕೆಸರು ಎರಚಿದ ಹಾಗೆ ಕಂಡಿತು.

ಶುಕ್ರವಾರ, ರಜೆಯ ದಿನ, ಬಸ್ಸು ಹಿಡಿದು ಅಬುಧಾಬಿಗೆ ಹೋದೆ. ಅವರ ಮನೆ ಅಲ್ ಮೀನಾ ಬಂದರಿನ ಹತ್ತಿರ. ಕಿಟಕಿಯಿಂದ ಮೀನಿನ ದೋಣಿಗಳ ಕಂಬಗಳು ಕಾಣುತ್ತಿದ್ದವು. ನನ್ನನ್ನು ನೋಡಿ ಆಶ್ಚರ್ಯಪಟ್ಟರು, ತಾವೇ ಚಹಾ ಮಾಡಿ ಕೊಟ್ಟರು. ದಾರಿಯುದ್ದಕ್ಕೂ ಒಂದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಂದಿದ್ದೆ.

“ಸರ್, ಮನೆ ಹೇಗಿತ್ತು ಅಂತ ಕೇಳೋಕೆ ಬಂದಿಲ್ಲ. ಯಾರು ಹತ್ತಿ ಇಳೀತಿದ್ರು, ಅದನ್ನ ಹೇಳ್ರಿ.”

ಅವರು ಲೋಟ ಕೆಳಗಿಟ್ಟರು. ಎಲ್ಲ ಮನೆಗಳಿಗೂ ಮುಂದೆ ಮೂರು ಬಿಳಿ ಕಲ್ಲಿನ ಮೆಟ್ಟಿಲುಗಳಿದ್ದವಂತೆ. ಪ್ರತಿ ಶನಿವಾರ ಹೆಂಗಸರೆಲ್ಲ ಮೊಣಕಾಲೂರಿ ಅವನ್ನು ತಿಕ್ಕಿ ತೊಳೆಯುತ್ತಿದ್ದರಂತೆ. ಯಾರ ಮೆಟ್ಟಿಲು ಬೆಳ್ಳಗಿದೆ ಎಂದು ಒಳಗೊಳಗೇ ಪೈಪೋಟಿ. ನನಗೆ ನಮ್ಮವ್ವ ಹೊಸ್ತಿಲು ತೊಳೆಯುವುದು ಕಣ್ಣಿಗೆ ಬಂತು, ಆದರೆ ಹೇಳಲಿಲ್ಲ. ಅವರ ಮಾತು ನಿಲ್ಲಬಾರದು.

ಎರಡನೇ ಮನೆಯಲ್ಲಿ ಪಿಯಾನೋ ಕಲಿಸುವ ಅಕ್ಕತಂಗಿಯರು. ಊರಿನ ಮಕ್ಕಳೆಲ್ಲ ಹತ್ತಿ ಹತ್ತಿ ನಡುಮೆಟ್ಟಿಲು ಬಟ್ಟಲಿನ ಹಾಗೆ ತಗ್ಗಾಗಿತ್ತು. ನಾಲ್ಕನೆಯದು ಅವರದೇ ಮನೆ. ಅಪ್ಪನಿಗೆ ಎಡಗಾಲು ಊನ. ಬಲಗಾಲಿನ ಭಾರಕ್ಕೆ ಬಲಗಡೆ ಸವೆದಿತ್ತು. ವೈದ್ಯರ ಮನೆಗೆ ಬರುವವರು ಒಂದು ಬದಿ, ಹೋಗುವವರು ಇನ್ನೊಂದು ಬದಿ. ಒಬ್ಬ ವಿಧವೆ ಮೇಲಿನ ಮೆಟ್ಟಿಲ ಮೇಲೆ ಕೂತೇ ಇರುತ್ತಿದ್ದಳು, ಗಂಡನ ದೋಣಿ ಬರದೆ ಹೋದ ಮೇಲೆ. ಅವರು ಹೇಳುತ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಮೆಟ್ಟಿಲುಗಳ ಚಿತ್ರ ಬರೆದು ಸವೆದ ಜಾಗಕ್ಕೆ ಗೀಟು ಹಾಕುತ್ತಾ ಹೋದೆ. ಮಾತು ಮುಗಿದಾಗ ಮಧ್ಯಾಹ್ನದ ನಮಾಜಿನ ಕರೆ ಕೇಳಿಸಿತು. ಇಬ್ಬರೂ ಎಲ್ಲಿಂದಲೋ ಬಂದವರಂತೆ ಕಿಟಕಿಯ ಕಡೆ ನೋಡಿದೆವು.

ಬಸ್ಸಿನಲ್ಲಿ ನಿರ್ಧಾರ ಮಾಡಿದೆ. ಆ ಏಳು ಮನೆಗಳನ್ನು ಕಿತ್ತು ಮತ್ತೆ ಮಾಡಬೇಕು.

“ನಿಂಗೆ ತಲೆ ಸರಿ ಉಂಟಾ ಮಾರಾಯಾ?” ಎಂದರು ಕಾಕಾ. “ಇನ್ನು ಐದು ವಾರ ಇರೂದು!”

“ಬ್ಯಾರೆ ಏನೂ ಮುಟ್ಟೂದಿಲ್ರಿ. ಈ ಸಾಲು ಒಂದs. ಶುಕ್ರವಾರನೂ ಬರ್ತೀನಿ.”

“ಅಕ್ರಿಲಿಕ್ ಬೇಡ, ಲೇಸರ್ ಬೇಡ. ಮತ್ತೆ ಎಂತದ್ರಲ್ಲಿ ಮಾಡ್ತಿ?”

“ಗ್ವಾಡಿ ತ್ಯಾಗದ ಕಟಗ್ಯಾಗ. ಮೆಟ್ಟಲಾ ಬಳಪದಾಗ.”

ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ, “ಯಲ್ಲಾ, ಆಯ್ತು, ಮಾಡು. ಹಾಳಾದ್ರೆ ನಂಗೆ ಹೇಳಬೇಡ,” ಎಂದು ಹೋದರು.

ಅಕ್ರಿಲಿಕ್ಕನ್ನು ಉಜ್ಜಿದರೆ ಮಂಜಾಗುತ್ತದೆ, ಸವೆದ ಹಾಗೆ ಕಾಣುವುದಿಲ್ಲ. ಮರಕ್ಕೆ ಎಳೆ ಇರುತ್ತದೆ, ಅಷ್ಟು ಸಣ್ಣದರಲ್ಲಿ ಅದು ಎದ್ದು ಕಾಣುತ್ತದೆ. ಬಳಪ ಕಲ್ಲೇ, ಆದರೆ ಮೆತ್ತನೆಯ ಕಲ್ಲು. ನಾನು ಶಾಲೆಗೆ ಸೇರಿದ್ದೇ ಮೀಸೆ ಮೂಡುವ ವಯಸ್ಸಿನಲ್ಲಿ. ಚಿಕ್ಕ ಮಕ್ಕಳ ನಡುವೆ ಕೂತು ಪಾಟಿಯ ಮೇಲೆ ತಿದ್ದಿದವನಿಗೆ ಬಳಪ ಹೇಗೆ ಸವೆಯುತ್ತದೆ ಎಂಬುದು ಬೆರಳಿಗೆ ಗೊತ್ತಿರುತ್ತದೆ. ದೇರಾದ ಒಂದು ಸ್ಟೇಷನರಿ ಅಂಗಡಿಯಲ್ಲಿ, ಕೇಳಿದ ನಾಲ್ಕನೆಯ ಅಂಗಡಿ ಅದು, ಧೂಳು ಹಿಡಿದ ಒಂದು ಡಬ್ಬಿ ಸಿಕ್ಕಿತು.

ಅರ್ಧ ಇಂಚು ಉದ್ದ, ಎರಡು ಮಿಲಿಮೀಟರ್ ಎತ್ತರ. ಏಳು ಮನೆಗೆ ಇಪ್ಪತ್ತೊಂದು ಮೆಟ್ಟಿಲು. ಮುರಿದವು ಎಷ್ಟೋ. ಮೊದಲು ಸಣ್ಣ ಗರಗಸದಲ್ಲಿ ಕೊಯ್ದು, ಅರದಿಂದ ನೇರ ಮಾಡಿ, ಆಮೇಲೆ ಮರ ಉಜ್ಜುವ ತೆಳು ಉಪ್ಪುಕಾಗದವನ್ನು ಬೆಂಕಿಕಡ್ಡಿಗೆ ಸುತ್ತಿ ನೋಟ್‌ಬುಕ್ಕಿನ ಗೀಟು ನೋಡುತ್ತಾ ಸವೆಸುತ್ತಿದ್ದೆ. ಒಮ್ಮೆಗೇ ಒತ್ತಿದರೆ ಉಜ್ಜಿದ ಹಾಗೆ ಕಾಣುತ್ತದೆ. ಹಗುರಾಗಿ ನೂರು ಸಲ ಎಳೆದರೆ ನಡೆದ ಹಾಗೆ ಕಾಣುತ್ತದೆ. ಪಿಯಾನೋ ಮನೆಯ ಮೆಟ್ಟಿಲಿಗೆ ಎಳೆಯುವಾಗ ಒಂದೊಂದು ಎಳೆತಕ್ಕೂ ಒಂದು ಮಗು ಎಂದುಕೊಳ್ಳುತ್ತಿದ್ದೆ. ಮಕ್ಕಳು ಬರುತ್ತಲೇ ಇದ್ದರು.

ಎರಡನೆಯ ಸಲ ನೋಡಲು ಬಂದಾಗ ಸಾಹೇಬರು ನಾಲ್ಕನೇ ಮನೆಯ ಮೆಟ್ಟಿಲಿನ ಮೇಲೆ ಕಿರುಬೆರಳ ತುದಿ ಇಟ್ಟು ಬಲಗಡೆಗೆ ಸರಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. “ಈಗ ಪೆಟ್ಟಿಗೆಗೆ ಬೀಗ ಹಾಕಿ ಕೊಡು, ಊರಿಗೆ ಹೋಗ್ತೀನಿ,” ಎಂದರು.

ವಿಮಾನಕ್ಕಾಗಿ ಹಲಗೆಯನ್ನು ಆರು ತುಂಡು ಮಾಡಿದೆ. ಒಂದು ಕೊಯ್ತ ಚೌಕದ ಮರದ ಬುಡದಲ್ಲೇ ಹಾದುಹೋಯಿತು, ಬೇರೆ ದಾರಿಯಿರಲಿಲ್ಲ. ಏಳು ಮನೆಗಳನ್ನು ಬಿಡಿಸಿ, ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿದೆ. ಮಾಡೆಲ್ ಮೇಲೆ ಏನೂ ಬರೆಯಬಾರದೆಂಬುದು ನಮ್ಮ ವರ್ಕ್‌ಶಾಪಿನ ಪದ್ಧತಿ. ಕಾಗದದ ಟೇಪಿನ ಮೇಲೆ ನಂಬರ್ ಬರೆದು ಅಂಟಿಸುತ್ತೇವೆ. ಹಾಗೆಯೇ ಮಾಡಿದೆ. ಜೋಡಿಸುವ ಕ್ರಮ ಬರೆದ ಹಾಳೆಯನ್ನು ಸಾಹೇಬರು ಕೋಟಿನ ಜೇಬಿನಲ್ಲಿಟ್ಟುಕೊಂಡರು.

ಅವರು ಊರಿಗೆ ಹೊರಟ ಐದನೇ ದಿನ ಸಂಜೆ ನಾಲ್ಕರ ಹೊತ್ತಿಗೆ ವರ್ಕ್‌ಶಾಪಿಗೆ ಫೋನು ಬಂತು. ಕಾಕಾ ಎತ್ತಿ, ಸ್ವಲ್ಪ ಹೊತ್ತು ಕೇಳಿ, ರಿಸೀವರಿನ ಬಾಯಿ ಮುಚ್ಚಿ ನನ್ನನ್ನು ಕರೆದರು.

“ಅಮೆರಿಕದಿಂದ. ಅಲ್ಲಿ ಬೆಳಿಗ್ಗೆ ಈಗ. ಲೈಬ್ರರಿಯ ಹುಡುಗಿಯಂತೆ. ಸಾಹೇಬ್ರು ಇಳಿದ ಕೂಡಲೇ ಉಸಿರಾಟ ಕೆಟ್ಟು ಆಸ್ಪತ್ರೆಯಲ್ಲಿ ಇದ್ದಾರಂತೆ. ಮಾತಾಡ್ಲಿಕ್ಕೆ ಬಿಡುದಿಲ್ಲ. ಚೀಟಿಯಲ್ಲಿ ನಮ್ಮ ನಂಬರ್ ಬರ್ದು, ‘ಬಡಿಗನನ್ನು ಕೇಳು’ ಅಂತ ಕೊಟ್ಟಿದ್ದಾರಂತೆ.”

ಸಭೆ ಅವತ್ತೇ ಸಂಜೆ, ಆ ಲೈಬ್ರರಿಯಲ್ಲಿ; ಮಾಡೆಲ್ ಜೋಡಿಸುವ ಕೆಲಸ ಆಕೆಯ ಪಾಲಿಗೆ ಬಂದಿತ್ತು. ವಿಮಾನ ನಿಲ್ದಾಣದ ತಪಾಸಣೆಯವರು ಪೆಟ್ಟಿಗೆ ಬಿಚ್ಚಿ ಎಲ್ಲವನ್ನೂ ಮತ್ತೆ ಸುತ್ತಿಟ್ಟಿದ್ದರು. ಟೇಪುಗಳು ಹತ್ತಿಗೆ ಅಂಟಿ ಕಿತ್ತುಬಂದಿದ್ದವು. ಹಾಳೆ ಸಾಹೇಬರ ಕೋಟಿನಲ್ಲಿತ್ತು, ಕೋಟು ಎಲ್ಲಿದೆ ಯಾರಿಗೂ ಗೊತ್ತಿಲ್ಲ. ಆಕೆ ಆ ಊರಿಗೆ ಬಂದು ಎರಡು ವರ್ಷವಂತೆ. ತಗಡು ಹೊಡೆದ ಸಾಲನ್ನಷ್ಟೇ ಕಂಡವಳು.

“ಏಳೂ ಮನೆ ಒಂದೇ ತರ ಇವೆ,” ಎಂದಳು. ಧ್ವನಿ ಅಳುವ ಹಾಗಿತ್ತು. “ಸಭೆಗೆ ವಯಸ್ಸಾದವರು ಬರ್ತಾರೆ. ಒಂದು ಮನೆ ಆಚೀಚೆ ಆದ್ರೂ ಎಲ್ಲಾ ಸುಳ್ಳು ಅಂತಾರೆ.”

ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆಕೆಗೂ ನಿಧಾನವಾಗಿ ಮಾತಾಡಲು ಹೇಳಿದೆ. ಕಣ್ಣು ಮುಚ್ಚಿಕೊಂಡೆ.

“ಮೊದಲು ಚೌಕ,” ಎಂದೆ. “ಮರದ ಬುಡದಲ್ಲಿ ಹಸಿರು ಪುಡಿ ಇದೆ. ಉಗುರಿನಿಂದ ಕೆರೆದು ನೋಡಿ.”

ಕೆರೆಯುವ ಸದ್ದು. ಆಮೇಲೆ, “ಒಂದು ಅರ್ಧ ಗೋಲಗೆರೆ ಇದೆ!”

ಅದು ನಾನು ಕಿತ್ತುಹಾಕಿದ್ದ ಕಟ್ಟೆಯ ಅಂಟಿನ ಕಲೆ. “ಇನ್ನರ್ಧ ಇನ್ನೊಂದು ಹಲಗೆಯಲ್ಲಿದೆ. ಎರಡನ್ನೂ ಕೂಡಿಸಿ.”

ಕಾಕಾ ಹಣೆ ಹಣೆ ಬಡಿದುಕೊಂಡು ನಕ್ಕರು. ಚೌಕ ಕೂಡಿದ ಮೇಲೆ ರಸ್ತೆ ಹಿಡಿದು ಇಳಿದೆವು. ಎಡಕ್ಕೆ ಮಾರುಕಟ್ಟೆ, ಬಲಕ್ಕೆ ಬಾವಿಯ ಓಣಿ, ಗಟಾರ ಎಲ್ಲಿ ಮುರಿಯುತ್ತದೋ ಅಲ್ಲಿ ಮುಂದಿನ ಹಲಗೆ. ಆಕೆ ಒಂದೊಂದನ್ನೇ ಜೋಡಿಸುವ ಸದ್ದು ಕೇಳುತ್ತಿತ್ತು. ನದಿಯವರೆಗೆ ಬಂದೆವು.

“ಈಗ ಮನೆಗಳು. ನೋಡಬೇಡಿ. ಕೆಳಗಿನ ಮೆಟ್ಟಿಲಿನ ಮೇಲೆ ಬೆರಳು ಸರಿಸಿ. ಎಡ ಅಂಚು ಮಾತ್ರ ಸವೆದದ್ದು ಯಾವುದು?”

“ಇದು... ಹೂಂ, ಇದು.”

“ಬ್ರೆಡ್ ಮಾಡುವವನ ಮನೆ. ಹಿಟ್ಟಿನ ಮೂಟೆ ಆ ಕಡೆಯಿಂದ ಎಳೀತಿದ್ದ. ಅದು ಮೊದಲನೆಯದು. ನಡುಮೆಟ್ಟಿಲು ಬಟ್ಟಲಿನ ಹಾಗೆ ಇರೋದು?”

“ಸಿಕ್ಕಿತು!”

“ಪಿಯಾನೋ ಅಕ್ಕತಂಗಿಯರು. ಎರಡು. ಒಂದು ಮನೆಯ ಮೆಟ್ಟಿಲು ಸವೆದೇ ಇಲ್ಲ, ಅಲ್ವಾ? ಅದು ಬಹಳ ದಿನ ಖಾಲಿ ಇದ್ದದ್ದು. ಮೂರು. ಬಲಗಡೆ ಸವೆದದ್ದು ಸಾಹೇಬರದು. ನಾಲ್ಕು.”

ಮೂಲೆ ಮುರಿದದ್ದು ದೋಣಿ ರಿಪೇರಿಯವನದು, ಐದು. ಎರಡೂ ಬದಿ ಸವೆದದ್ದು ವೈದ್ಯರದು, ಆರು. ಕೊನೆಗೆ ಒಂದೇ ಉಳಿಯಿತು. ಆದರೂ ಆಕೆ ಬೆರಳು ಸರಿಸಿ, “ಇದರ ಮೇಲಿನ ಮೆಟ್ಟಿಲು ಮಾತ್ರ ತಗ್ಗಾಗಿದೆ. ಯಾಕೆ?” ಎಂದಳು.

“ಅವಳು ಅಲ್ಲಿ ಕೂತು ನದಿ ನೋಡ್ತಿದ್ದಳು.”

ಎಷ್ಟು ಹೊತ್ತಾಗಿತ್ತೋ, ನಮ್ಮ ಬಸ್ಸು ಹೋಗಿಯಾಗಿತ್ತು. ಆಮೇಲೆ ಆಕೆ ಕೇಳಿದಳು:

“ನೀವು ಈ ಊರಲ್ಲಿ ಯಾವಾಗ ಇದ್ದಿರಿ?”

ಇಲ್ಲ ಎನ್ನಬೇಕಿತ್ತು. ನಾನು ಆ ದೇಶದ ಗಡಿ ದಾಟಿದವನಲ್ಲ. “ಮೂರು ತಿಂಗಳು ಇದ್ದೆ,” ಎಂದೆ.

ಸಭೆಯ ಸುದ್ದಿ ತಿಳಿದದ್ದು ಎರಡು ವಾರದ ಮೇಲೆ, ಫೋನಿನಲ್ಲಿ, ಸಾಹೇಬರದೇ ಬಾಯಿಂದ. ಡಾಕ್ಟರು ಬೇಡವೆಂದರೂ ಕೇಳದೆ ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಹೋಗಿದ್ದರಂತೆ. ವಯಸ್ಸಾದ ಹೆಂಗಸೊಬ್ಬಳು ಮಾಡೆಲ್ ಮೇಲೆ ಬಗ್ಗಿ, ಎರಡನೆಯ ಮನೆಯ ಮೆಟ್ಟಿಲು ಮುಟ್ಟಿ, ನಾನು ಇಲ್ಲಿ ಪಿಯಾನೋ ಕಲಿತೆ ಎಂದಳಂತೆ. ಇದೆಲ್ಲ ನೆಲದಡಿ ನಿಜವಾಗಿಯೂ ಇದೆಯೇ ಎಂದು ಒಬ್ಬರು ಕೇಳಿದರಂತೆ. ಮೊದಲು ಅಗೆದು ನೋಡೋಣ, ಕೆಡವುವುದು ಆಮೇಲೆ ಎಂದು ತೀರ್ಮಾನವಾಯಿತಂತೆ. ಅಗೆದರು. ಮೆಟ್ಟಿಲುಗಳು ಇದ್ದವು. ಕೆಡವುವ ಮಾತು ಅಲ್ಲಿಗೆ ನಿಂತಿತು.

“ಪಿಯಾನೋ ಮನೆಯದು ತಗ್ಗಾಗಿಯೇ ಇದೆ, ಉಸ್ತಾದ್,” ಎಂದರು. ಉಸಿರು ಎಳೆದುಕೊಂಡು ನಕ್ಕರು. “ನಿನ್ನದು ಸ್ವಲ್ಪ ಹೆಚ್ಚಾಗಿದೆ.”

“ಮಕ್ಕಳು ಬರ್ತಾನೇ ಇದ್ರು, ಸರ್,” ಎಂದೆ.

ಅಷ್ಟರಲ್ಲಿ ನನ್ನ ಮೇಜಿನ ಮೇಲೆ ಐವತ್ತು ಮಹಡಿಯ ಗೋಪುರವೊಂದು ಬಂದು ಕೂತಿತ್ತು. ಆ ಜಾಗದಲ್ಲಿ ಇನ್ನೂ ಬರೀ ಮರಳು. ನಾನು ಬಾಗಿಲ ಮುಂದಿನ ಮೆಟ್ಟಿಲು ಅಂಟಿಸಿದೆ. ಡ್ರಾಯರಿನಲ್ಲಿ ಬೆಂಕಿಕಡ್ಡಿಗೆ ಸುತ್ತಿದ ಉಪ್ಪುಕಾಗದ ಹಾಗೇ ಇತ್ತು. ತೆಗೆದು, ಬಲಗಡೆ ಒಂದೆರಡು ಸಲ ಹಗುರಾಗಿ ಎಳೆದೆ.

ಹಿಂದಿನಿಂದ ಕಾಕಾ ನೋಡುತ್ತಿದ್ದರು. “ಎಂತ ಮಾಡುದು ನೀನು? ಅದಕ್ಕೆ ಇನ್ನೂ ಒಬ್ಬ ಜನ ಬರ್ಲಿಲ್ಲ ಮಾರಾಯಾ!”

“ಬರ್ತಾರಲ್ರಿ ಕಾಕಾ,” ಎಂದೆ.